ಅರ್ಧ ಅಸ್ತರಿನ ಕೋಟು

ಇದನ್ನು ಬರೆಯುವ ಮುಂಚೆ ಆ ದಿನಗಳ ದಿನಚರಿಯನ್ನು ಮತ್ತೆ ತೆಗೆದು ಓದಿದೆ. ನನ್ನ ನೆನಪಿಗೂ ಅದರಲ್ಲಿರುವುದಕ್ಕೂ ಎರಡು ಕಡೆ ತಾಳೆಯಾಗುತ್ತಿಲ್ಲ. ಗುರುಗಳು ಅಳತೆ ಕೊಡಲು ಬಂದ ದಿನ ಜೊತೆಗೆ ನಾಯಿಯೂ ಇತ್ತು ಎಂದು ನನ್ನ ನೆನಪು; ದಿನಚರಿಯಲ್ಲಿ ನಾಯಿಯ ಸುದ್ದಿಯೇ ಇಲ್ಲ. ಅದು ಸಣ್ಣ ವಿಷಯ. ಎರಡನೆಯದು ಸಣ್ಣದಲ್ಲ. ಕೋಟಿನ ಒಳಗೆ ಹಚ್ಚುವ ಅಸ್ತರಿನ ಬಟ್ಟೆಯನ್ನು ಬನಹಟ್ಟಿಯಿಂದ ತಂದ ದಿನ ನನ್ನ ಸೋದರಮಾವ ಏನಾದರೂ ಹೇಳಿ ಕಳಿಸಿದ್ದನೆ ಎಂಬುದು. ದಿನಚರಿಯಲ್ಲಿ ಇರುವುದು ಇಷ್ಟೇ: 'ಅಸ್ತರು ಸಿಕ್ಕಿತು. ಮಾಮ ಸಿಟ್ಟಿನಲ್ಲಿದ್ದ. ಬಸ್ಸು ತಪ್ಪಿತು.' ಅವನು ಏನೂ ಹೇಳಲಿಲ್ಲ ಎಂದೇ ನನ್ನ ನೆನಪು. ಆದರೆ ಹಾಗೆ ನೆನಪಿಟ್ಟುಕೊಂಡರೆ ನನಗೆ ಅನುಕೂಲ. ಅದಕ್ಕೇ ಅದನ್ನು ಪೂರ್ತಿ ನಂಬುವುದಿಲ್ಲ.

ಕೋಟು ಬೇಕಾಗಿದ್ದುದು ಮುಧೋಳ ಕಡೆಯ ಒಬ್ಬ ನಿವೃತ್ತ ಹೈಸ್ಕೂಲ್ ಮಾಸ್ತರರಿಗೆ. ಎಲ್ಲರೂ ಅವರನ್ನು ಗುರುಗಳು ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರು ಮುಧೋಳ ನಾಯಿ ಸಾಕುತ್ತಾರೆ. ಚಳಿಗಾಲದಲ್ಲಿ ಉತ್ತರದ ಒಂದು ಊರಿನಲ್ಲಿ ನಡೆಯುವ ನಾಯಿಗಳ ಪ್ರದರ್ಶನಕ್ಕೆ ತಮ್ಮ ಹೆಣ್ಣುನಾಯಿಯನ್ನು ಒಯ್ಯುವವರಿದ್ದರು. ಅಲ್ಲಿ ನಾಯಿಯನ್ನು ಹಿಡಿದು ಓಡುವವರು ಟ್ವೀಡ್ ಕೋಟು ಹಾಕುತ್ತಾರಂತೆ. ಟ್ವೀಡ್ ಎಂದರೆ ಒರಟು ಉಣ್ಣೆಯ ದಪ್ಪ ಬಟ್ಟೆ. ಫೋನಿನಲ್ಲಿ ಚಿತ್ರ ತೋರಿಸಿದರು.

"ನಾಯಿ ನಮ್ಮ ಮಣ್ಣಿಂದು. ಕೋಟೂ ನಮ್ಮ ಕುರೀದ ಆಗ್ಲಿ ತಂಗಿ," ಎಂದರು.

ಬೀಳಗಿ ಕಡೆಯ ಕುರುಬರ ಹೆಣ್ಣುಮಕ್ಕಳಿಂದ ನೂಲಿಸಿದ ಕರಿ ಮತ್ತು ಕಂದು ಉಣ್ಣೆಯ ಉಂಡೆಗಳನ್ನು ಒಂದು ಗೊಬ್ಬರದ ಚೀಲದಲ್ಲಿ ತುಂಬಿಕೊಂಡೇ ಬಂದಿದ್ದರು. ಹೊಲಿಯುವವಳು ನಾನು, ಜಮಖಂಡಿಯ ನನ್ನ ಅಂಗಡಿಯಲ್ಲಿ. ನೇಯುವವರು ಯಾರು? ಬನಹಟ್ಟಿಯಲ್ಲಿ ನನ್ನ ಸೋದರಮಾವನ ಮನೆಯ ಸುತ್ತಲೂ ಪವರ್‌ಲೂಮ್ ಸದ್ದು; ಅವನೊಬ್ಬ ಇನ್ನೂ ಕೈಮಗ್ಗದ ಮೇಲೆ ಹತ್ತಿ ಸೀರೆ ನೇಯುತ್ತಾನೆ. ಉಣ್ಣೆಯನ್ನು ಮಗ್ಗಕ್ಕೆ ಏರಿಸಿದವನಲ್ಲ. ನಾನು ಚೀಲ ಮುಂದಿಟ್ಟಾಗ ಒಂದು ಎಳೆ ತೆಗೆದು ಎಳೆದು ನೋಡಿದ. ಅದು ಹರಿಯಿತು.

"ಎಂ.ಎ. ಓದಿದಾಕಿ ತಂದ ನೂಲು ನೋಡು," ಎಂದ ಅತ್ತೆಯ ಕಡೆ ತಿರುಗಿ. ಚೀಲವನ್ನು ಮಾತ್ರ ವಾಪಸು ಕೊಡಲಿಲ್ಲ.

ಕೈಯಿಂದ ನೂತ ಉಣ್ಣೆ ಹಾಸಿನ, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಕಟ್ಟುವ ಎಳೆಗಳ, ಬಿಗಿ ತಾಳಲಿಲ್ಲ. ಎರಡು ದಿನ ಹರಿದ ಎಳೆಗಳನ್ನು ಗಂಟು ಹಾಕುವುದರಲ್ಲೇ ಹೋಯಿತು. ಕೊನೆಗೆ ಮಾಮ ಹಾಸಿನ ಎಳೆಗಳಿಗೆ ಗಿರಣಿಯ ಉಣ್ಣೆ ತರಿಸಿ, ಕುರುಬರ ನೂಲನ್ನು ಅಡ್ಡಕ್ಕೆ ಹಾಯುವ ಹೊಕ್ಕಿಗೆ ಮಾತ್ರ ಇಟ್ಟುಕೊಂಡ. ಎಳೆಗಳು ಹಾಯುವ ಬಾಚಣಿಗೆಯಂಥ ಫಣಿಯನ್ನು ಅಗಲ ಹಲ್ಲಿನದು ಹಾಕಿದ. ನೇಯ್ಗೆಯಲ್ಲಿ ಮೀನಿನ ಮುಳ್ಳಿನ ಹಾಗೆ ಒಂದು ಓರೆ ಗೀರು ಆ ಕಡೆ, ಒಂದು ಈ ಕಡೆ. ಉಣ್ಣೆ ಇದ್ದದ್ದು ಒಂದು ಕೋಟಿಗೆ ಸಾಲುವಷ್ಟು. ಬಟ್ಟೆ ಇಳಿದ ಮೇಲೆ ಅಂಟುವಾಳದ ಬೆಚ್ಚಗಿನ ನೀರಿನಲ್ಲಿ ಹಾಕಿ ಮಾಮ, ಅತ್ತೆ, ನಾನು ಸರದಿಯ ಮೇಲೆ ತುಳಿದೆವು. ಉಣ್ಣೆ ಕುಗ್ಗುತ್ತದೆ ಎಂದು ಎಲ್ಲರಿಗೂ ಹೆದರಿಕೆ. ಮೊದಲು ಅಳೆದು, ಒಣಗಿಸಿ, ಮತ್ತೆ ಅಳೆದು, ಮತ್ತೊಮ್ಮೆ ನೆನೆಸಿ ಒಣಗಿಸಿದೆವು. ಎರಡನೆಯ ಸಲ ಅದು ಅಲುಗಲಿಲ್ಲ. ಉಣ್ಣೆಯ ಮಟ್ಟಿಗೆ ನಾವು ಏನನ್ನೂ ನಂಬಿಕೆಯ ಮೇಲೆ ಬಿಡಲಿಲ್ಲ.

ಜಗಳ ಬಂದದ್ದು ಅಸ್ತರಿನ ಮಾತಿಗೆ.

"ಒಳಗ ಪೂರಾ ಅಸ್ತರ ಹಚ್ತೇನಿ ಮಾಮಾ," ಎಂದೆ.

"ಯಾಕ?"

"ಕೋಟಿಗೆ ಹಚ್ತಾರ. ತೋಳು ಸರಳ ಹೋಗಬೇಕು. ಒಳಗಿನ ಹೊಲಿಗಿ ಕಾಣಬಾರದು."

"ಹೊಲಿಗಿ ನಿಂದು. ನಿನ್ನ ಹೊಲಿಗಿ ಮುಚ್ಚಾಕ ನಾ ನೇಯ್ದ ಅರಿವಿ ಮುಚ್ತೀಯೇನು? ಅದರ ಹಿಂದ ಏನ್ ಕಳವಿನ ಮಾಲು ಐತಿ?"

ಹೊರಗಿನವರಿಗೆ ಇದು ಹಟದ ಮಾತು ಅನ್ನಿಸಬಹುದು. ಬನಹಟ್ಟಿಯಲ್ಲಿ ತಿಳಿದವರು ಸೀರೆ ಕೊಳ್ಳುವಾಗ ಮೊದಲು ಅದನ್ನು ತಿರುವಿ ಹಿಂಬದಿ ನೋಡುತ್ತಾರೆ. ಗಂಟು ಎಲ್ಲಿ ಬಿದ್ದಿದೆ, ಎಳೆ ಎಲ್ಲಿ ಜೋತಾಡುತ್ತಿದೆ ಎಂದು ಬೆರಳಾಡಿಸುತ್ತಾರೆ. ನೇಕಾರನಿಗೆ ಮರ್ಯಾದೆ ಸಿಗುವುದೂ ಹೋಗುವುದೂ ಆ ಬದಿಯಿಂದ. ಹಿಂಬದಿಯನ್ನು ಬೇರೆ ಬಟ್ಟೆಯಿಂದ ಮುಚ್ಚಿ ಹೊಲಿಯುವುದೆಂದರೆ ಮಾಮನ ಲೆಕ್ಕದಲ್ಲಿ ಅಲ್ಲಿ ಮುಚ್ಚುವಂಥದು ಇದೆ ಎಂದು ಸಾರಿದ ಹಾಗೆ.

"ಮುಚ್ಚೂದಿದ್ರ ಮುಚ್ಚು. ನಾ ಮಾತ್ರ ನೋಡಾಕ ಬರಂಗಿಲ್ಲ," ಎಂದ.

ನನ್ನ ಹೊಲಿಗೆಯನ್ನು ಮಾಮ ಯಾವತ್ತೂ ಕೆಲಸ ಎಂದು ಒಪ್ಪಿದವನಲ್ಲ. ಬಟ್ಟೆ ಮಾಡುವವನು ಅವನು, ಕತ್ತರಿಸಿ ಹಾಳು ಮಾಡುವವಳು ನಾನು. ಅವನು ನೇಯ್ದದ್ದನ್ನು ನಾನು ಹೊಲಿದು ಅವನ ಕೈಯಲ್ಲೇ ಇಡುವ ಅವಕಾಶ ಇದೊಂದೇ ಬಂದಿತ್ತು. ಅವನು ನೋಡಲೇ ಬರದಿದ್ದರೆ ಗುರುಗಳು ಎಷ್ಟು ಹೊಗಳಿದರೂ ನನಗೆ ಆ ಕೋಟು ಆದ ಹಾಗಲ್ಲ.

ಆದರೂ ಅಸ್ತರಿಗೆ ಬಟ್ಟೆ ಕೊಟ್ಟವನು ಅವನೇ. ಪೇಟೆಯಿಂದ ಸ್ಯಾಟಿನ್ ತರುತ್ತೇನೆ ಎಂದದ್ದಕ್ಕೆ, "ಮುಚ್ಚೂದ ಆದ್ರ ಬ್ಯಾರೆದವರ ಅರಿವಿಲೆ ಯಾಕ?" ಎಂದು ಇಟ್ಟಿಗೆ ಬಣ್ಣದ ತೆಳು ಹತ್ತಿಬಟ್ಟೆಯ ಒಂದು ಮಡಿಕೆ ನನ್ನ ಮುಂದೆ ಎಸೆದ. ಅಡ್ಡಕ್ಕೆ ಬೂದು ಗೀರುಗಳು. ಮಗ್ಗದಿಂದ ಇಳಿದು ಎರಡು ದಿನವಾಗಿರಬೇಕು. ಗಂಜಿಯ ವಾಸನೆ ಇತ್ತು. ಅದರ ಮೇಲೆ ಅವನು ಇನ್ನೊಂದು ಮಾತು ಆಡಿದನೋ ಇಲ್ಲವೋ, ಅದೇ ನಾನು ಮೊದಲು ಹೇಳಿದ, ದಿನಚರಿಯಲ್ಲಿನ ಖಾಲಿ ಜಾಗ.

ಕೋಟಿನ ಮೈ ಕೂಡಿಸುವುದು ಸಲೀಸಾಗಿ ಆಯಿತು. ಎದೆಗೆ ಕ್ಯಾನ್ವಾಸನ್ನು ಕೈಹೊಲಿಗೆಯಿಂದ ಹಿಡಿಸಿದೆ. ಭುಜ ಜೋಲದಂತೆ ಪಟ್ಟಿ ಕೊಟ್ಟೆ. ಗುರುಗಳು ನಾಯಿಯನ್ನು ಎಡಕ್ಕೆ ಹಿಡಿದು ಓಡಬೇಕು. ಎಡಗೈ ಎತ್ತಿದಾಗ ಕೋಟು ಮೇಲೇಳಬಾರದು ಎಂದು ತೋಳನ್ನು ಮೂರು ಸಲ ಕಚ್ಚಾ ಹೊಲಿದು ಬಿಚ್ಚಿ ಕೂಡಿಸಿದೆ. ಅಸ್ತರನ್ನು ಕೋಟಿಗಿಂತ ದೊಡ್ಡದಾಗಿ ಕತ್ತರಿಸಬೇಕು. ಒಳಗಿನದು ಹೊರಗಿನದನ್ನು ಎಳೆಯಬಾರದು. ಬೆನ್ನಿನ ನಡುವೆ ಒಂದು ಇಂಚಿನ ಮಡಿಕೆ, ಕೆಳಗೆ ಅರ್ಧ ಇಂಚು ಸಡಿಲ ಬಿಟ್ಟೆ. ಸುತ್ತಲೂ ಅಂಚು ಮಡಿಸಿ ಕೈಯಿಂದ ತುರಪಾಯಿ ಹಾಕಿ ಮುಗಿಸಿದಾಗ ಶುಕ್ರವಾರ ಸಂಜೆ. ಗುರುಗಳು ಊರು ಬಿಡಲು ಒಂಬತ್ತು ದಿನ ಉಳಿದಿತ್ತು. ಒದ್ದೆ ಬಟ್ಟೆ ಹಾಸಿ, ಹಬೆ ಏಳುವ ಹಾಗೆ ಇಸ್ತ್ರಿ ಮಾಡಿ ತೂಗುಹಾಕಿ ಮನೆಗೆ ಹೋದೆ. ಅಂದಿನ ದಿನಚರಿಯಲ್ಲಿ ನನ್ನ ಬಗ್ಗೆ ನಾನೇ ಒಂದು ಒಳ್ಳೆಯ ಮಾತು ಬರೆದುಕೊಂಡಿದ್ದೇನೆ. ಅದನ್ನು ಇಲ್ಲಿ ಕೊಡುವುದಿಲ್ಲ.

ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ ಕೋಟಿನ ಕೆಳಅಂಚು ಬುಟ್ಟಿಯ ಅಂಚಿನ ಹಾಗೆ ಒಳಕ್ಕೆ ಸುತ್ತಿಕೊಂಡಿತ್ತು. ತೋಳಿನ ತುದಿಯೂ ಒಳಗೆ ಸೇದಿಕೊಂಡಿತ್ತು. ಬೆನ್ನು ಗೂನಾಗಿತ್ತು.

ಉಣ್ಣೆಯೇ ಕೈಕೊಟ್ಟಿತು ಎಂದುಕೊಂಡೆ. ಮತ್ತೆ ಒದ್ದೆ ಬಟ್ಟೆ, ಮತ್ತೆ ಇಸ್ತ್ರಿ. ಎಳೆದು ಹಿಡಿದು ಒತ್ತಿದೆ, ಮೇಲೆ ಭಾರ ಇಟ್ಟೆ. ಒತ್ತಿದಷ್ಟೂ ಅಂಚು ಇನ್ನೂ ಒಳಕ್ಕೆ ಹೋಯಿತು. ದಿನವಿಡೀ ಅದೇ ತಪ್ಪನ್ನು ಮತ್ತೆ ಮತ್ತೆ ಮಾಡಿದೆ. 'ಉಣ್ಣೆ ಮೋಸ ಮಾಡಿತು' ಎಂದು ದಿನಚರಿಯಲ್ಲಿದೆ. ಮರುದಿನ ಆ ಸಾಲಿನ ಮೇಲೆ ಗೀರೆಳೆದಿದ್ದೇನೆ.

ಮರುದಿನ ಭಾನುವಾರ. ಮೇಜು ಒರೆಸುವಾಗ ಅಸ್ತರು ಕತ್ತರಿಸಿ ಉಳಿದ ಒಂದು ತುಂಡು ಕೈಗೆ ಬಂತು. ಯಾಕೋ ಅದನ್ನು ಕೋಟಿನ ಒಳಗೆ ಹಿಡಿದು ನೋಡಿದೆ. ತುಂಡಿನ ಬೂದು ಗೀರುಗಳಿಗೂ ಅಸ್ತರಿನ ಗೀರುಗಳಿಗೂ ಹೊಂದಿಕೆ ಆಗಲಿಲ್ಲ. ಎಣಿಸಿದೆ. ತುಂಡಿನಲ್ಲಿ ಒಂದು ಗೇಣಿಗೆ ಹದಿನೆಂಟು ಗೀರು. ಕೋಟಿನೊಳಗೆ ಅದೇ ಗೇಣಿಗೆ ಹತ್ತೊಂಬತ್ತು. ಬೆನ್ನಿನುದ್ದಕ್ಕೆ ಅಳೆದರೆ ಅಸ್ತರು ಇಸ್ತ್ರಿಯ ಹಬೆಗೆ ಒಂದೂವರೆ ಇಂಚು ಕುಗ್ಗಿತ್ತು. ಉಣ್ಣೆ ಕತ್ತರಿಸಿದ ಕಾಗದದ ಅಳತೆಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಫೋನ್ ಮಾಡಿದೆ.

"ಮಾಮಾ, ಅಸ್ತರದ ಅರಿವಿ ನೀರಾಗ ಹಾಕಿದ್ದೇನು?"

"ಹೊಸಾ ಅರಿವಿ ಯಾರರ ಒಗದು ಕೊಡ್ತಾರೇನಬೇ? ಗಂಜಿ ಹೋತಂದ್ರ ಅದು ಹಳೀ ಅರಿವಿ."

"ಕುಗ್ಗೇತಿ. ಕೋಟು ಪೂರಾ ಒಳಗ ಎಳದೇತಿ."

ಆ ಕಡೆ ಮಗ್ಗದ ಸದ್ದು ನಿಂತಿತು.

"ಉಣ್ಣಿಗೆ ಏನೂ ಆಗಿಲ್ಲಲಾ?"

"ಇಲ್ಲ."

"ಹಂಗಾರ ಆತು," ಎಂದು ಫೋನ್ ಇಟ್ಟ.

ನಾನು ಬ್ಲೌಸ್ ಹೊಲಿಯುವವಳು. ಬ್ಲೌಸಿನ ಅಸ್ತರನ್ನು ಬಕೀಟಿನಲ್ಲಿ ನೆನೆಸಿ, ಒಣಗಿಸಿ, ಆಮೇಲೆಯೇ ಕತ್ತರಿ ಹಾಕುತ್ತೇನೆ. ಹೊಸದಾಗಿ ಕಲಿಯಲು ಬರುವವರಿಗೆ ಮೊದಲ ದಿನ ಹೇಳುವ ಪಾಠವೂ ಅದೇ. ಪೇಟೆಯ ಬಟ್ಟೆಗೆ ತಪ್ಪದೆ ಮಾಡುವುದನ್ನು ಮಾಮನ ಮಗ್ಗದ ಬಟ್ಟೆಗೆ ಮಾಡಲಿಲ್ಲ. ಕಾರಣ ಹುಡುಕಿದರೆ ಒಂದೇ ಸಿಗುತ್ತದೆ: ನಾನು ಬೆಳೆದದ್ದು ಆ ಮನೆಯ ಓಣಿಯಲ್ಲಿ. ಮಗ್ಗದಿಂದ ಇಳಿದ ಬಟ್ಟೆಯನ್ನು ಉಡುವ ಮೊದಲೇ ನೀರಿಗೆ ಹಾಕಿದರೆ ನೇಯ್ದವನ ಮುಖಕ್ಕೆ ನೀರು ಹಾಕಿದ ಹಾಗೆ ಎಂಬುದನ್ನು ಯಾರೂ ಹೇಳಿಕೊಡದೆ ಕಲಿತಿದ್ದೆ. ಪರಿಚಯವಿಲ್ಲದ ಉಣ್ಣೆಗೆ ಎರಡು ಸಲ ನೀರು ತೋರಿಸಿ, ಹುಟ್ಟಿದಂದಿನಿಂದ ಗೊತ್ತಿದ್ದ ಹತ್ತಿಯನ್ನು ಹಾಗೇ ಬಿಟ್ಟಿದ್ದೆ.

ಆ ಮಧ್ಯಾಹ್ನ ತುರಪಾಯಿಯ ಎಳೆಗಳನ್ನು ಒಂದೊಂದಾಗಿ ಕತ್ತರಿಸಿ ಅಸ್ತರನ್ನು ಪೂರ್ತಿ ಬಿಚ್ಚಿದೆ. ದಾರಿಗಳೇನೂ ಕಷ್ಟದವಲ್ಲ. ಪೇಟೆಯಲ್ಲಿ ಸ್ಯಾಟಿನ್ ಸಿಗುತ್ತದೆ. ಹೊಸ ಅಸ್ತರು ಹಚ್ಚಲು ಎರಡು ದಿನ ಸಾಕು. ಗುರುಗಳು ಬಯಸಿದ್ದೂ ಅಂಥದನ್ನೇ. ಒಂದು ವಿಷಯ ಬಿಟ್ಟರೆ ಎಲ್ಲ ಸರಿಹೋಗುತ್ತಿತ್ತು: ಮಾಮ ಬರುತ್ತಿರಲಿಲ್ಲ.

ಕೋಟನ್ನು ಒಳಮೈ ಹೊರಗೆ ಮಾಡಿ ಕಿಟಕಿಯ ಬೆಳಕಿಗೆ ಮೇಜಿನ ಮೇಲೆ ಹರಡಿದೆ. ಆ ಬಟ್ಟೆಯ ಹಿಂಬದಿಯನ್ನು ನಾನು ಅಲ್ಲಿಯವರೆಗೆ ಸರಿಯಾಗಿ ನೋಡಿಯೇ ಇರಲಿಲ್ಲ. ಹಾಸಿನ ಗಂಟುಗಳು ಎಲ್ಲೂ ಎದ್ದಿರಲಿಲ್ಲ. ಹೊಕ್ಕಿನ ಒಂದು ಉಂಡೆ ಮುಗಿದು ಇನ್ನೊಂದು ಶುರುವಾದ ಜಾಗ ಹುಡುಕಿದೆ, ಸಿಗಲಿಲ್ಲ. ಕಣ್ಣಿಗೆ ಕೆಟ್ಟದಾಗಿ ಕಂಡದ್ದು ನನ್ನ ಕೆಲಸ. ಹೊಲಿಗೆಯ ಒಳಅಂಚುಗಳು ಇಲಿ ಕಡಿದಂತೆ ಎಳೆಎಳೆಯಾಗಿ ಬಿಚ್ಚಿಕೊಂಡಿದ್ದವು. ಹೇಗೂ ಮುಚ್ಚಿಹೋಗುತ್ತದೆ ಎಂದು ಒಂದು ಕಡೆ ಹೊಲಿಗೆ ಸೊಟ್ಟ ಬಂದರೂ ಬಿಟ್ಟಿದ್ದೆ. ಮಾಮ ಕೇಳಿದ ಕಳವಿನ ಮಾಲು ಯಾರದು ಎಂಬುದು ಆಗ ಗೊತ್ತಾಯಿತು.

ಅರ್ಧ ಅಸ್ತರು ಹಚ್ಚುವುದು ಎಂದು ಅಲ್ಲೇ ತೀರ್ಮಾನಿಸಿದೆ. ಭುಜ, ಬೆನ್ನಿನ ಮೇಲ್ಭಾಗ, ತೋಳು, ಇಷ್ಟಕ್ಕೆ ಮಾತ್ರ. ಉಳಿದ ಹಿಂಬದಿ ತೆರೆದೇ ಇರಲಿ. ಹಾಗೆ ಮಾಡಿದರೆ ನನ್ನ ಒಂದೊಂದು ಹೊಲಿಗೆಯೂ ಕಾಣುತ್ತದೆ. ಎಲ್ಲವನ್ನೂ ಮೊದಲಿನಿಂದ ಮುಗಿಸಬೇಕು. ಪೂರಾ ಅಸ್ತರಿಗಿಂತ ಅರ್ಧ ಅಸ್ತರಿಗೆ ಕೆಲಸ ಹೆಚ್ಚು.

ಕುಗ್ಗಿದ ಬಟ್ಟೆಯನ್ನೇ ಬಳಸಿದೆ. ಅದು ಕುಗ್ಗುವಷ್ಟು ಕುಗ್ಗಿಯಾಗಿತ್ತು. ಆದರೂ ಬಕೀಟಿನಲ್ಲಿ ಇನ್ನೊಮ್ಮೆ ನೆನೆಸಿ ಗೀರು ಎಣಿಸಿದೆ. ಹತ್ತೊಂಬತ್ತೇ ಇತ್ತು. ಪೂರ್ತಿ ಬೆನ್ನಿಗೆ ಗಿಡ್ಡವಾಗಿದ್ದ ತುಂಡು ಅರ್ಧ ಬೆನ್ನಿಗೆ ಧಾರಾಳವಾಯಿತು. ಅದರ ಕೆಳಅಂಚನ್ನು ಕಮಾನಿನ ಹಾಗೆ ಕತ್ತರಿಸಿ, ಮಡಿಸಿ ಹೊಲಿದು, ಕೋಟಿಗೆ ಕಚ್ಚದೆ ಸಡಿಲ ಬಿಟ್ಟೆ. ಒರಟು ಉಣ್ಣೆ ಕುತ್ತಿಗೆಗೆ ಚುಚ್ಚಬಾರದು ಎಂದು ಕಾಲರಿನ ಬುಡದಲ್ಲಿ ಎರಡು ಪದರ ಕೊಟ್ಟೆ. ತೋಳಿಗೆ ಹತ್ತಿ ಬೇಡ ಎನ್ನಿಸಿತು, ಅಂಗಿಯ ಮೇಲೆ ಜಾರುವುದಿಲ್ಲ. ಅಲ್ಲಿಗೆ ಪೇಟೆಯಿಂದ ಬೂದು ಸ್ಯಾಟಿನ್ ತಂದೆ. ಬಿಚ್ಚಿದ ತೋಳಿನ ಅಸ್ತರನ್ನು ಓರೆಯಾಗಿ ಕತ್ತರಿಸಿ, ಬೆರಳಗಲದ ಪಟ್ಟಿ ಮಾಡಿ, ಉಣ್ಣೆಯ ಪ್ರತಿಯೊಂದು ಬಿಚ್ಚಿದ ಅಂಚಿಗೂ ಸುತ್ತಿ ಹೊಲಿದೆ. ಮೊದಲ ಪಟ್ಟಿಯನ್ನು ಎಳೆದು ಹೊಲಿದದ್ದರಿಂದ ಅಂಚು ನಿರಿಗೆಯಾಯಿತು. ಬಿಚ್ಚಿದೆ. ಒಂದು ಚೂರು ಉಣ್ಣೆಯ ಮೇಲೆ ನಾಲ್ಕು ಸಲ ಅಭ್ಯಾಸ ಮಾಡಿದೆ. ಓರೆ ಪಟ್ಟಿಯನ್ನು ಎಳೆಯಬಾರದು, ತಾನಾಗಿ ತಿರುಗಲು ಬಿಡಬೇಕು. ಇದು ಗೊತ್ತಾಗಲು ಒಂದು ದಿನ ಹಿಡಿಯಿತು. ಕೆಳಅಂಚಿನ ತುರಪಾಯಿಯಲ್ಲಿ ಸೂಜಿ ಪ್ರತಿ ಸಲ ಉಣ್ಣೆಯ ಒಂದೇ ಎಳೆಯನ್ನು ಹಿಡಿಯಬೇಕು. ಎರಡು ಹಿಡಿದರೆ ಹೊರಗೆ ಚುಕ್ಕಿ ಕಾಣುತ್ತದೆ. ಗುಂಡಿಯ ಕಾಜಾಗಳನ್ನು ಕೈಯಿಂದಲೇ ಮಾಡಿದೆ. ಗುರುವಾರದವರೆಗೆ ಬೇರೆ ಯಾವ ಬಟ್ಟೆಯನ್ನೂ ಮುಟ್ಟಲಿಲ್ಲ.

ಶುಕ್ರವಾರ ಬನಹಟ್ಟಿಗೆ ಫೋನ್ ಮಾಡಿ, "ಮುಚ್ಚಿಲ್ಲ. ಬಾ," ಎಂದೆ.

"ನಾಳೆ ಹೆಂಗೂ ಜಮಖಂಡ್ಯಾಗ ಬ್ಯಾರೆ ಕೆಲಸ ಐತಿ," ಎಂದ ಮಾಮ. ಯಾವ ಕೆಲಸ ಎಂದು ನಾನು ಕೇಳಲಿಲ್ಲ.

ಶನಿವಾರ ಗುರುಗಳಿಗಿಂತ ಮೊದಲು ಅವನೇ ಬಂದ. ಸ್ಟೂಲಿನ ಮೇಲೆ ಕೂತು, ನೀರು ಕುಡಿದು, ಬಸ್ಸಿನ ಬಗ್ಗೆ ಮಾತಾಡಿ, ಆಮೇಲೆ ಕೈ ಚಾಚಿದ. ಕೋಟು ಕೊಟ್ಟೆ. ಮುಂಬದಿಯನ್ನು ನೋಡಲೇ ಇಲ್ಲ. ಸೀರೆಯನ್ನು ತಿರುವುವ ಹಾಗೆ ಒಂದೇ ಸಲಕ್ಕೆ ಒಳಮೈ ಹೊರಗೆ ಮಾಡಿ ಮೊಣಕಾಲಿನ ಮೇಲೆ ಹರಡಿಕೊಂಡ. ಮೊದಲು ತನ್ನ ನೇಯ್ಗೆಯ ಮೇಲೆ ಬೆರಳಾಡಿಸಿದ. ಆಮೇಲೆ ನನ್ನ ಇಟ್ಟಿಗೆ ಬಣ್ಣದ ಪಟ್ಟಿಗಳ ಮೇಲೆ, ಒಂದೂ ಬಿಡದೆ. ಎಡಬದಿಯ ಹೊಲಿಗೆಯಲ್ಲಿ ಹೆಬ್ಬೆರಳು ನಿಂತಿತು.

"ಇಲ್ಲಿ ಎಳದಿ."

"ಹೌದು."

"ಒಂದ ಕಡೆ ಐತಿ," ಎಂದ. ಬೆರಳು ಮುಂದೆ ಹೋಯಿತು.

ಅಷ್ಟರಲ್ಲಿ ಗುರುಗಳು ನಾಯಿಯೊಂದಿಗೆ ಬಂದರು. ಈ ದಿನ ನಾಯಿ ಇತ್ತು, ದಿನಚರಿಯಲ್ಲೂ ಇದೆ. ಗುರುಗಳು ಕೋಟಿನ ಒಳಗೆ ಇಣುಕಿದರು.

"ಅರ್ಧಕ್ಕ ಬಿಟ್ಟಿಯಲ್ಲ ತಂಗಿ. ಕೆಳಗ ಖಾಲಿ ಐತಿ."

ನಾನು ಬಾಯಿ ತೆರೆಯುವ ಮೊದಲೇ ಮಾಮ ಹೇಳಿದ: "ಖಾಲಿ ಅಲ್ಲರೀ ಗುರುಗಳ. ಅದು ಅರಿವಿ."

"ಅಲ್ರಿ, ಪುಣೇದಾಗ ಹೊಲಿಸಿದ ನನ್ನ ಕೋಟಿಗೆ ಪೂರಾ ಐತ್ರಿ."

"ಅದರ ಒಳಗ ಏನೈತಿ ಅಂತ ನೀವು ನೋಡೀರೇನು?"

ಗುರುಗಳು ನಕ್ಕುಬಿಟ್ಟರು. ತೋಳಿಗೆ ಕೈ ಹಾಕಿದರು. ಕೈ ಸ್ಯಾಟಿನ್ನಿನ ಮೇಲೆ ಸರ್ರನೆ ಇಳಿಯಿತು. "ಇಲ್ಲಿ ಹಚ್ಚಿಯಲ್ಲ ಮತ್ತ," ಎಂದು ಸಮಾಧಾನಗೊಂಡರು. ರಸ್ತೆಗೆ ಇಳಿದು ನಾಯಿಯ ಹಗ್ಗ ಹಿಡಿದರೆ ಅದು ಮುಂದಕ್ಕೆ ಹೋಗಲೊಲ್ಲದು. ಮೂಗನ್ನು ಕೋಟಿನ ಅಂಚಿಗೆ ಹಚ್ಚಿ ಮೂಸುತ್ತ ಗುರುಗಳ ಸುತ್ತಲೇ ತಿರುಗಿತು. ಬಿಸಿ ಇಸ್ತ್ರಿ ಬಿದ್ದ ಉಣ್ಣೆ ಇನ್ನೂ ಕುರಿಯ ವಾಸನೆ ಬಿಡುತ್ತಿತ್ತು.

"ಇವಳಿಗೆ ಕುರಿ ಹಿಂಡ ಬಂದಂಗ ಅನಸಾಕತ್ತೇತಿ," ಎಂದರು ಗುರುಗಳು.

"ಉಣ್ಣಿ ಖರೆ ಅನ್ನೂದಕ್ಕ ಸಾಕ್ಷಿ ಆತಲ್ರಿ," ಎಂದ ಮಾಮ.

ಎರಡನೆಯ ಸಲ ನಾಯಿ ಹೊರಟಿತು. ಮೂಲೆಯ ಹಿಟ್ಟಿನ ಗಿರಣಿಯವರೆಗೆ ಓಡಿ ತಿರುಗಿ ಬಂದರು. ನಾನು ನೋಡುತ್ತಿದ್ದುದು ನಾಯಿಯನ್ನಲ್ಲ, ಕೋಟಿನ ಕೆಳಅಂಚನ್ನು. ಎಡಗೈ ಮೇಲೆ ಹೋದರೂ ಅದು ನೆಟ್ಟಗೆ ಇತ್ತು. ಗಾಳಿಗೆ ಕೋಟು ತೆರೆದುಕೊಂಡಾಗ ಒಳಗಿನ ಮೀನುಮುಳ್ಳಿನ ಗೀರು, ಅದರ ನಡುವೆ ನನ್ನ ಇಟ್ಟಿಗೆ ಬಣ್ಣದ ಗೆರೆ ಕಂಡವು. ನನ್ನ ಕೆಲಸದ ಬಗ್ಗೆ ನನಗೆ ಸಂಶಯವೇ ಇಲ್ಲದ ಕ್ಷಣಗಳು ಕಡಿಮೆ. ಅದು ಅಂಥದೊಂದು.

 ಹೊರಡುವಾಗ ಮಾಮ ಮೇಜಿನ ಮೇಲಿದ್ದ ಅಭ್ಯಾಸದ ಚೂರನ್ನು ಎತ್ತಿಕೊಂಡ. ನಾಲ್ಕು ಪಟ್ಟಿಗಳಲ್ಲಿ ಮೊದಲನೆಯದು ನಿರಿಗೆ, ಕೊನೆಯದು ನೇರ. "ಇದು ಬೇಕಾಗಿಲ್ಲಲಾ?" ಎಂದು ಕೇಳಿ ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಈಗ ಅದು ಅವನ ಮಗ್ಗದ ಪಕ್ಕದ ಗೂಟಕ್ಕೆ ಜೋತುಬಿದ್ದಿದೆ. ಬಂದವರಿಗೆ ಮೊದಲನೆಯ ಪಟ್ಟಿಯನ್ನೇ ತೋರಿಸಿ ನಗುತ್ತಾನಂತೆ. ಆಮೇಲೆ ಕೊನೆಯದನ್ನೂ ತೋರಿಸುತ್ತಾನೆ ಎಂದು ಅತ್ತೆ ಹೇಳಿದಳು.

ನಾಯಿಗೆ ಬಹುಮಾನ ಬರಲಿಲ್ಲ. ಗುರುಗಳು ಅಲ್ಲಿಂದ ಒಂದು ಫೋಟೋ ಕಳಿಸಿದ್ದರು. ನಾಯಿ ಮಲಗಿದೆ, ಪಕ್ಕದ ಕುರ್ಚಿಯ ಮೇಲೆ ಕೋಟು. ಒಳಮೈ ಹೊರಗೆ ಮಾಡಿ ಹಾಕಿದ್ದಾರೆ.

ಈಗ ನಾಯಿ ಸಾಕುವ ಇನ್ನೊಬ್ಬರಿಗೆ ಅಂಥದೇ ಕೋಟು ಬೇಕಾಗಿದೆ. ಮಾಮನ ಮಗ್ಗದ ಮೇಲೆ ಉಣ್ಣೆ ಏರಿದೆ. ಹೋದ ವಾರ ಅಸ್ತರಿನ ಬಟ್ಟೆ ತರಲು ಹೋದೆ. ಅವನು ಕೊಟ್ಟ ಮಡಿಕೆ ಕೈಗೆ ಮೆತ್ತಗೆ ಬಂತು. ಮೂಗಿನ ಹತ್ತಿರ ಹಿಡಿದೆ. ಗಂಜಿಯ ವಾಸನೆ ಇರಲಿಲ್ಲ. ಒಗೆದು, ಒಣಗಿಸಿ, ಮಡಿಸಿ ಇಟ್ಟಿದ್ದ. ಒಗೆ ಎಂದು ನಾನು ಹೇಳಿರಲಿಲ್ಲ.

ಬಸ್ಸಿನ ಹೊತ್ತಾಗಿದ್ದರೂ ನಿಂತೆ. ಮೊದಲ ಸಲ ಅವನಿಗೆ ಇದು ಹೊಳೆದೇ ಇರಲಿಲ್ಲ ಎಂದಾದರೆ ನಾವಿಬ್ಬರೂ ಒಂದೇ ತಪ್ಪು ಮಾಡಿದ್ದೆವು. ಅವನು ಹೇಳಿ, ನಾನು ಜಗಳದ ಗದ್ದಲದಲ್ಲಿ ಕೇಳಿಸಿಕೊಳ್ಳದೆ ಬಂದಿದ್ದರೆ ತಪ್ಪು ನನ್ನದು. ಗೊತ್ತಿದ್ದೂ ಸುಮ್ಮನಿದ್ದ ಎಂದಾದರೆ, ಭಾನುವಾರ ಮಧ್ಯಾಹ್ನ ನಾನು ಒಬ್ಬಳೇ ಮಾಡಿದೆ ಎಂದುಕೊಂಡ ಅರ್ಧ ಅಸ್ತರಿನ ತೀರ್ಮಾನದಲ್ಲಿ ಅವನ ಕೈಯೂ ಇದೆ. ಇವುಗಳಲ್ಲಿ ಯಾವುದು ನಿಜವಾದರೂ ಕೋಟು ಬದಲಾಗುವುದಿಲ್ಲ. ಆದರೂ ದಿನಚರಿಯಲ್ಲಿ ಆ ಸಾಲು ಖಾಲಿ ಇರುವುದು ನನಗೆ ಒಗ್ಗುವುದಿಲ್ಲ.

ಅವನು ಮಗ್ಗದ ಮೇಲೆ ಬಾಗಿ ಹರಿದ ಎಳೆಯೊಂದರ ಇನ್ನೊಂದು ತುದಿ ಹುಡುಕುತ್ತಿದ್ದ. ಎಳೆ ಸಿಕ್ಕಿತು, ಗಂಟು ಬಿತ್ತು, ಲಾಳಿ ಮತ್ತೆ ಓಡಲು ಶುರುವಾಯಿತು. ಆ ಸದ್ದಿನ ಮೇಲೆಯೇ ನಾನು ಕೇಳಿದೆ; ಉತ್ತರಕ್ಕೆ ಇಂದಿಗೂ ಕಾಯುತ್ತಿದ್ದೇನೆ.

"ಮಾಮಾ, ಹೋದ ಸಲ ಅರಿವಿ ಕೊಡೂ ಮುಂದ ಅದು ಕುಗ್ಗತೈತಿ ಅನ್ನೂದು ನಿನಗ ಗೊತ್ತಿತ್ತೇನು?"